ಗ್ರಾಫ್ ಹಾಳೆಯ ಮೇಲೆ ನಮ್ಮತ್ತೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳುವಾಗ ಈಗಲೂ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಅದಕ್ಕೆ ಸಂಕೋಚಪಡುವ ವಯಸ್ಸು ದಾಟಿದ್ದೇನೆ. ತಿಪಟೂರಿನಲ್ಲಿ ಬಿ.ಎ. ಮುಗಿಸಿ ಮೈಸೂರಿಗೆ ಎಂ.ಎ. ಓದಲು ಹೋದಾಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ತೆಗೆದುಕೊಂಡದ್ದು ಮನಃಶಾಸ್ತ್ರ. ಬಿಳಿಗೆರೆ ಕಡೆಯ ನಮ್ಮೂರಿನಲ್ಲಿ ಆ ಪದ ಯಾರ ಬಾಯಿಗೂ ಒಗ್ಗಲಿಲ್ಲ. ಅಪ್ಪ ಅದನ್ನು ತನಗೆ ಬೇಕಾದ ಹಾಗೆ ಮಾಡಿಕೊಂಡ.

"ನನ್ ಮಗ್ಳು ಮನಸ್ಸು ಓದ್ತಾಳೆ ಕಣ್ಲಾ," ಅಂತ ಜಗುಲಿ ಮೇಲೆ ಕೂತು ಹೇಳುತ್ತಿದ್ದ.

"ಹಂಗಾರೆ ನನ್ ಹೆಂಡ್ತಿ ಮನ್ಸಲ್ಲಿ ಏನೈತೆ ಓದಿ ಹೇಳ್ಸಪ್ಪ. ಮದ್ವೆ ಆದಾಗ್ಲಿಂದ ನೋಡ್ತಾ ಇವ್ನಿ, ಒಂದಕ್ಷರ ಗೊತ್ತಾಗ್ನಿಲ್ಲ," ಅಂತ ಎದುರು ಮನೆಯವನು ಅನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. ಅವನಿಗೆ ಅದು ನಗುವ ವಿಷಯವಾಗಿರಲಿಲ್ಲ.

ಎರಡನೇ ವರ್ಷ ಒಂದು ಪ್ರಬಂಧ ಬರೆಯಬೇಕಿತ್ತು. ಅದು ಒಪ್ಪಿಗೆಯಾದರೆ ಡಿಗ್ರಿ, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು. ನನಗೆ ಇನ್ನೊಂದು ವರ್ಷ ಇರಲಿಲ್ಲ. ಹಾಸ್ಟೆಲಿನಲ್ಲಿ ನನ್ನ ಜಾಗ ಬೇಸಿಗೆಯವರೆಗೆ ಮಾತ್ರ. "ಎರಡು ವರ್ಷ ಅಂದಿದ್ದೆ, ಎರಡು ವರ್ಷ ಕಳಿಸ್ದೆ. ಅದರ ಮ್ಯಾಲೆ ನನ್ನ ಕೈಲಾಗಾಕಿಲ್ಲ ಕಣವ್ವಾ," ಅಂತ ಅಪ್ಪ ಮೊದಲೇ ಹೇಳಿದ್ದ. ಅವನು ಸುಮ್ಮನೆ ಹೇಳುವ ಮನುಷ್ಯನಲ್ಲ. ಬೇಸಿಗೆಯೊಳಗೆ ಪ್ರಬಂಧ ಮುಗಿಯದಿದ್ದರೆ ನಾನು ಬಂದ ದಾರಿಗೆ ಸುಂಕವಿಲ್ಲ ಎಂದು ಊರಿಗೆ ವಾಪಸು.

ನನಗೆ ಮಾರ್ಗದರ್ಶಕರಾಗಿದ್ದವರು ತೆಳ್ಳಗಿನ, ಕೆಮ್ಮುತ್ತ ಕೆಮ್ಮುತ್ತಲೇ ಜೋಕು ಹೊಡೆಯುವ ಒಬ್ಬ ಮೇಷ್ಟ್ರು. ಅವರು ಹೇಳಿಕೊಟ್ಟ ವಿಧಾನ ಆಗ ಇಡೀ ವಿಭಾಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಮಿಕ್ಕವರು ಎಷ್ಟು ಜನ ಹೌದು ಅಂದರು, ಎಷ್ಟು ಜನ ಇಲ್ಲ ಅಂದರು ಅಂತ ತಲೆ ಎಣಿಸ್ತಾರಮ್ಮ. ನಾವು ತಲೆ ಎಣಿಸೋದಿಲ್ಲ. ಒಬ್ಬ ಮನುಷ್ಯನ ಒಳಗೆ ಯಾವ ಮಾತು ಮುಂದೆ ಕೂತಿದೆ, ಯಾವುದು ಹಿಂದೆ ಕೂತಿದೆ, ಯಾವುದರ ಪಕ್ಕ ಯಾವುದಿದೆ, ಅದನ್ನ ನೋಡೋದು. ಆಮೇಲೆ ಆ ಜೋಡಣೆ ಇನ್ನೊಬ್ಬನ ಜೋಡಣೆಗೆ ಎಷ್ಟು ಹೋಲುತ್ತೆ ಅಂತ ಲೆಕ್ಕ ಹಾಕೋದು. ಕೇಳೋದು ಕಿವಿಯಿಂದ, ಅಳೆಯೋದು ಗಣಿತದಿಂದ. ಎರಡೂ ಬೇಕು. ಒಂದನ್ನ ಬಿಟ್ರೆ ಇನ್ನೊಂದು ಕುಂಟು."

ಕೆಲಸ ಹೀಗಿತ್ತು. ಮೊದಲು ಒಂದು ವಿಷಯದ ಬಗ್ಗೆ ಜನ ಆಡುವ ಮಾತುಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಕೂಡಿಹಾಕಬೇಕು. ಅವುಗಳಲ್ಲಿ ಒಂದಕ್ಕೊಂದು ಹೋಲದ ಮಾತುಗಳನ್ನು ಆರಿಸಿ, ಒಂದೊಂದನ್ನೂ ಒಂದೊಂದು ಚೀಟಿಯ ಮೇಲೆ ಬರೆಯಬೇಕು. ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಆ ಚೀಟಿಗಳನ್ನು ಜೋಡಿಸಲು ಹೇಳಬೇಕು. ಬಲತುದಿಯಲ್ಲಿ "ಇದು ನನ್ನ ಮಾತೇ" ಅನ್ನುವಂಥವು, ಎಡತುದಿಯಲ್ಲಿ "ಇದು ನನ್ನ ಮಾತೇ ಅಲ್ಲ" ಅನ್ನುವಂಥವು, ನಡುವೆ ಹಾಗೂ ಇಲ್ಲ ಹೀಗೂ ಇಲ್ಲ ಅನ್ನುವಂಥವು. ಎರಡೂ ತುದಿಗೆ ಜಾಗ ಕಡಿಮೆ, ನಡುವೆ ಜಾಸ್ತಿ. ಕಣದಲ್ಲಿ ರಾಗಿ ರಾಶಿಯನ್ನು ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಆ ಆಕಾರ. ಜಾಗ ಕಡಿಮೆ ಇರುವುದರಿಂದಲೇ ಮನುಷ್ಯ ಯೋಚನೆ ಮಾಡಬೇಕಾಗುತ್ತದೆ. ಎಲ್ಲಾ ಮಾತಿಗೂ ಹೂಂ ಅಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

"ಯಾವ ವಿಷಯ ತಗೋತೀಯಾ?" ಅಂತ ಮೇಷ್ಟ್ರು ಕೇಳಿದರು.

"ತೆಂಗಿನ ತೋಟ ಸಾರ್," ಅಂದೆ. ನನಗೆ ಬೇರೆ ಏನು ಗೊತ್ತಿತ್ತು?

ಸಂಕ್ರಾಂತಿ ರಜೆಗೆ ಊರಿಗೆ ಬಂದವಳು ಕಿವಿ ತೆರೆದುಕೊಂಡು ಕೂತೆ. ತೋಟ ಅಂದ್ರೆ ನಿಮಗೇನು? ಇಷ್ಟೇ ಪ್ರಶ್ನೆ. ಪಟೇಲಿಕೆ ಹೋಗಿದ್ದರೂ ಊರಿಗೆಲ್ಲ ಇನ್ನೂ ಪಟೇಲರೇ ಆಗಿದ್ದ ಹಿರಿಯರು ಮೀಸೆ ಸವರಿಕೊಂಡು, "ಹೆತ್ತ ಮಗ ಕೈಬಿಟ್ರೂ ನೆಟ್ಟ ಮರ ಕೈಬಿಡಾಕಿಲ್ಲ," ಅಂದರು. ಅಪ್ಪ, "ಅಟ್ಟದ ಮ್ಯಾಲೆ ಕಾಯಿ ಇದ್ರೆ ಕೆಳಗೆ ಕುಂತೋನ ಮಾತು ಗಟ್ಟಿ ಇರ್ತದೆ," ಅಂದ. ಕಾಯಿ ಸುಲಿಯುವವನು ಗೂಟದ ಮೇಲೆ ಬಗ್ಗಿದವನು ತಲೆ ಎತ್ತದೆಯೇ, "ಅವ್ರಿಗೆ ಮರ ಕಾಣ್ತದೆ. ನಂಗೆ ಬರೀ ಕಾಯಿ ಕಾಣ್ತದೆ," ಅಂದ.

ಅತ್ತೆಯನ್ನು ನಾನು ಕೇಳಲೇ ಇಲ್ಲ. ಅವಳಾಗಿ ಹೇಳಿದ್ದು. ಅತ್ತೆ ಅಂದರೆ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಇಲ್ಲೇ ಉಳಿದಳು. ನಮ್ಮ ತೋಟಕ್ಕೆ ಸಸಿ ಇಟ್ಟ ಕಾಲದಲ್ಲಿ ಬಾವಿ ಇರಲಿಲ್ಲ. ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಒಂದೊಂದು ಸಸಿಗೂ ಹುಯ್ದವಳು ಅವಳು. ಆ ಸಸಿಗಳೇ ಈಗ ತಲೆ ಎತ್ತಿ ನೋಡಬೇಕಾದ ಮರಗಳು. ಊರಲ್ಲಿ ಅದನ್ನು ಅಪ್ಪನ ತೋಟ ಅನ್ನುತ್ತಾರೆ. ಅವತ್ತು ಅತ್ತೆ ಅಟ್ಟದ ಮೇಲೆ ಕಾಯಿಗಳ ನಡುವೆ ಕೂತು, ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯಾ ಅಂತ ಕೇಳುತ್ತಿದ್ದಳು. ನಾನು ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತು, ಕೆಳಗಿದ್ದ ಅಪ್ಪ ಹೇಳುತ್ತಿದ್ದ ಮಾತು ಬರೆದುಕೊಳ್ಳುತ್ತಿದ್ದೆ. ಅದನ್ನು ಕೇಳಿಸಿಕೊಂಡು ಅತ್ತೆ ಕೈಲಿದ್ದ ಕಾಯಿಗೆ ಹೇಳುವಂತೆ ಹೇಳಿದಳು: "ನೆಟ್ಟೋರೊಬ್ರು, ನೀರು ಹೊತ್ತೋರೊಬ್ರು, ಹೆಸ್ರು ಇನ್ನೊಬ್ರುದು."

ಅದನ್ನೂ ಬರೆದುಕೊಂಡೆ. ಅತ್ತೆಯ ಒಳಗಿರುವುದೆಲ್ಲ ಅಷ್ಟೇ, ಆ ಒಂದು ಮಾತಿನಲ್ಲೇ ಇದೆ ಅಂತ ನನಗೆ ಆಗ ಅನ್ನಿಸಿತ್ತು.

ಶಿವರಾತ್ರಿ ಹೊತ್ತಿಗೆ ಚೀಟಿಗಳು ತಯಾರಾದವು. ದಪ್ಪ ರಟ್ಟು ತಂದು ಕತ್ತರಿಸಿ, ನನ್ನ ಕೈಯಾರೆ ದುಂಡಗೆ ಬರೆದೆ. ಓದು ಬಾರದವರಿಗೆ ನಾನೇ ಓದಿ ಹೇಳುವುದು. ಮರೆಯದಿರಲಿ ಅಂತ ಚೀಟಿಯ ಮೂಲೆಯಲ್ಲಿ ಒಂದೊಂದು ಗುರುತು: ಬಿಂದಿಗೆ, ಏಣಿ, ಕುಡುಗೋಲು, ಗೂಟ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೀಟಿ ಇಡುವ ಮನೆಗಳನ್ನು ಗೀಚಿದೆ.

"ಚೌಕಾಬಾರದ ಮನೆ ತಪ್ಪಾಯ್ತಲ್ಲ ಮಗಾ, ಇಷ್ಟೊಂದು ಯಾಕೆ?" ಅಂತ ಒಬ್ಬ ಮುದುಕ ಬಗ್ಗಿ ನೋಡಿದ.

ಜನ ಬಂದರು, ಕೂತರು, ಜೋಡಿಸಿದರು. ಎಷ್ಟು ಸಲೀಸಾಗಿ ಜೋಡಿಸಿದರೆಂದರೆ ನನಗೇ ಆಶ್ಚರ್ಯ. ಒಬ್ಬರೂ ತಲೆ ಕೆರೆದುಕೊಳ್ಳಲಿಲ್ಲ. ಮೇಷ್ಟ್ರು ಹೇಳಿದ್ದ ಪರದಾಟ ಎಲ್ಲೂ ಕಾಣಲಿಲ್ಲ. ನಮ್ಮೂರಿನವರು ಬುದ್ಧಿವಂತರು ಅಂತ ಹೆಮ್ಮೆಪಟ್ಟುಕೊಂಡು ಎಲ್ಲವನ್ನೂ ಬರೆದುಕೊಂಡು ಮೈಸೂರಿಗೆ ಹೋದೆ.

ವಿಭಾಗದ ಮೂಲೆಯಲ್ಲಿ ಹಿಡಿ ತಿರುಗಿಸುವ ಒಂದು ಲೆಕ್ಕದ ಯಂತ್ರ ಇತ್ತು. ಇಬ್ಬರ ಜೋಡಣೆಯನ್ನು ಪಕ್ಕಪಕ್ಕ ಇಟ್ಟುಕೊಂಡು, ಒಂದೊಂದು ಚೀಟಿಗೂ ಇರುವ ಅಂತರ ಕಳೆದು, ಅದನ್ನು ಅದರಿಂದಲೇ ಗುಣಿಸಿ, ಕೂಡಿಸುತ್ತ ಹೋಗುವುದು. ಅಂತರ ಕಡಿಮೆಯಾದಷ್ಟೂ ಇಬ್ಬರ ಮನಸ್ಸು ಹತ್ತಿರ. ಹೀಗೆ ಪ್ರತಿಯೊಬ್ಬರನ್ನೂ ಮಿಕ್ಕ ಪ್ರತಿಯೊಬ್ಬರ ಜೊತೆ ಹೋಲಿಸಬೇಕು. ನನ್ನ ಕೈ ರಾಗಿಕಲ್ಲು ತಿರುಗಿಸಿ ಪಳಗಿದ ಕೈ. ಪಟ್ಟಣದ ಹುಡುಗಿಯರು ಸುಸ್ತಾಗಿ ಎದ್ದರೂ ನಾನು ಏಳುತ್ತಿರಲಿಲ್ಲ.

ಲೆಕ್ಕ ಮುಗಿಸಿ ಹಾಳೆಯನ್ನು ನೋಡಿದೆ. ಎಲ್ಲರೂ ಒಂದೇ. ಅಪ್ಪ, ಎದುರು ಮನೆಯವನು, ಅವನ ಹೆಂಡತಿ, ಕಾಯಿ ಸುಲಿಯುವವನು, ಎಲ್ಲರ ಜೋಡಣೆಯೂ ಅಚ್ಚು ಹಾಕಿದ ಹಾಗೆ ಒಂದೇ. ಬಲತುದಿಯಲ್ಲಿ ಪಟೇಲರ ಮಾತು. ಅದರ ಪಕ್ಕ ದೇವಸ್ಥಾನದ ಪೂಜಾರಪ್ಪನವರದು. ಆಮೇಲೆ ದೊಡ್ಡ ತೋಟದವರದು. ಎಡತುದಿಯಲ್ಲಿ ಕಾಯಿ ಸುಲಿಯುವವನದು, ಅತ್ತೆಯದು. ಕಾಯಿ ಸುಲಿಯುವವನು ಕೂಡ ತನ್ನ ಮಾತನ್ನು ತಾನೇ ಎಡತುದಿಗೆ ಇಟ್ಟಿದ್ದ!

ಮೇಷ್ಟ್ರು ಹಾಳೆಯನ್ನು ನೋಡಿದರು, ಕೆಮ್ಮಿದರು. "ನಿಮ್ಮೂರಲ್ಲಿ ಮದುವೆ ಮನೇಲಿ ತಾಂಬೂಲ ಮೊದಲು ಯಾರಿಗೆ ಕೊಡ್ತಾರೆ?"

"ಪಟೇಲರಿಗೆ ಸಾರ್."

"ಆಮೇಲೆ?"

"ಪೂಜಾರಪ್ಪನವರಿಗೆ..." ಅಂದವಳು ಅಲ್ಲಿಗೇ ನಿಂತೆ.

"ನೀನು ತಂದಿರೋದು ಮನಸ್ಸಲ್ಲಮ್ಮ. ತಾಂಬೂಲದ ಸರದಿ."

ಜನರ ಬಾಯಲ್ಲಿ ಬಂದ ಹಾಗೇ ಬರೆದದ್ದೇ ಯಡವಟ್ಟಾಗಿತ್ತು. ನಮ್ಮಂಥ ಊರಲ್ಲಿ ಒಂದು ಸಾಲು ಓದಿದರೆ ಸಾಕು, ಅದು ಯಾರ ಬಾಯಿಂದ ಬಂದದ್ದು ಅಂತ ಎಲ್ಲರಿಗೂ ತಿಳಿಯುತ್ತದೆ. ಅವರು ಮಾತನ್ನು ಜೋಡಿಸಿರಲೇ ಇಲ್ಲ. ಮನುಷ್ಯರನ್ನು ಕೂರಿಸಿದ್ದರು, ಯಾರಿಗೆ ಯಾವ ಮಣೆಯೋ ಅದರಂತೆ. ಊರಿಗೆ ಓಡಿ ಬಂದು ಅಪ್ಪನನ್ನು ಕೇಳಿದಾಗ ಅವನು ನನ್ನ ಮುಖವನ್ನೇ ನೋಡಿದ. "ಇನ್ನೇನ್ ಮತ್ತೆ? ಪಟೇಲ್ರ ಮಾತ್ನ ತಗಂಡೋಗಿ ಎಡಗಡೆ ಇಕ್ಕಾಕಾಯ್ತದಾ? ನಾಳೆ ಅವ್ರ ಮಕ ನೋಡದು ಬ್ಯಾಡ್ವಾ?"

ಅಡುಗೆಮನೆ ಬಾಗಿಲಲ್ಲಿ ಚೀಟಿಗಳನ್ನು ಸುರಿದುಕೊಂಡು ಕೂತು, ಎಲ್ಲಾ ಹಾಳಾಯಿತು, ಇನ್ನು ಡಿಗ್ರಿಯ ಆಸೆ ಬಿಟ್ಟ ಹಾಗೇ ಅಂತ ಅವ್ವನ ಮುಂದೆ ಅತ್ತುಬಿಟ್ಟೆ. ಅವ್ವ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸದೆ ಹೇಳಿದಳು:

"ಇದ್ಕೆ ಅಳ್ತಾರೇನೇ? ಊರಲ್ಲೇ ಹುಟ್ಟಿದ್ ಹೆಣ್ಗೆ ಊರಲ್ಲಿ ಏನ್ ಬೆಲೆ? ಎಲ್ರೂ ಅದ್ರ ಸಿಂಬಳ ಸುರಿಯೋ ಮೂಗು ನೋಡಿರ್ತಾರೆ. ಬೇರೂರಿಗೆ ಕೊಟ್ಟು ನೋಡು. ಅಲ್ಲೋರು ಹೆಣ್ಣು ಎಂಗದೆ ಅಂತ ನೋಡ್ತಾರೆ. ನಿನ್ ಮಾತ್ಗಳ್ನೂ ಅಂಗೇ ಬೇರೂರಿಗೆ ಕೊಡೇ."

ಮುದ್ದೆ ಬೆಂದಿತು. ನನ್ನ ಅಳು ನಿಂತಿತು.

ನಮ್ಮೂರಿನ ಮಾತುಗಳನ್ನು ಚಿಕ್ಕನಾಯಕನಹಳ್ಳಿ ಕಡೆಗೆ, ಕೆಂಕೆರೆ ಸುತ್ತಮುತ್ತ ಒಯ್ಯುವುದು. ತುರುವೇಕೆರೆ ಕಡೆಯ ಮಾತುಗಳನ್ನೂ ಒಂದಷ್ಟು ಕೂಡಿಹಾಕಿ ಇವುಗಳ ಜೊತೆ ಬೆರೆಸುವುದು. ಯಾರೂ ತಮ್ಮೂರಿನ ಮಾತನ್ನು ಜೋಡಿಸುವ ಹಾಗಿಲ್ಲ. ಮೇಷ್ಟ್ರಿಗೆ ಕಾಗದ ಬರೆದೆ. "ಹೋಗು. ಆದರೆ ಬೇಸಿಗೆ ನಿನಗೋಸ್ಕರ ಕಾಯೋದಿಲ್ಲ," ಅಂತ ಉತ್ತರ ಬಂತು.

ತುರುವೇಕೆರೆಯ ಬಸ್ ಸ್ಟ್ಯಾಂಡಿನಲ್ಲಿ, ತಾಲ್ಲೂಕು ಕಚೇರಿಯ ಹುಣಸೆ ಮರದ ಕೆಳಗೆ, ಸಿಕ್ಕಿದವರ ಜೊತೆ ಮಾತಿಗೆ ಕೂತೆ. ಅಲ್ಲಿ ಯಾರೋ ಒಬ್ಬರು ಬಸ್ಸು ಬಂತೆಂದು ಏಳುತ್ತ ಏಳುತ್ತ ಅಂದದ್ದು: "ಗರಿ ಸದ್ದು ಕೇಳ್ತಾ ಮಲಗೋ ಸುಖಕ್ಕೆ ಕೊಬ್ಬರಿ ರೇಟು ಯಾಕ್ ಬೇಕ್ರೀ?" ಗಂಡಸೋ ಹೆಂಗಸೋ ಅದೂ ಈಗ ನೆನಪಿಲ್ಲ. ಮಾತು ಮಾತ್ರ ಉಳಿಯಿತು. ಅದು ಬರೀ ಬಾಯಿ ಚಪಲದ ಮಾತು ಅನ್ನಿಸಿ ಬಿಡಬೇಕೆಂದಿದ್ದೆ. ಚೀಟಿಯೊಂದು ಮಿಕ್ಕಿತ್ತು ಅಂತ ಬರೆದು, ಮೂಲೆಯಲ್ಲಿ ಗರಿಯ ಗುರುತು ಹಾಕಿದೆ.

ಯುಗಾದಿ ಕಳೆದ ಮೇಲೆ ಕೆಂಕೆರೆ ಕಡೆ ಹೊರಟೆ. ಅಪ್ಪನೇ ಜೊತೆಗೆ ಬಂದ. ಹೆಣ್ಣುಮಗಳೊಬ್ಬಳನ್ನೇ ಕಳಿಸುವ ಕಾಲವಲ್ಲ. ನಾನು ಒಳಗೆ ಚೀಟಿ ಹರಡಿಕೊಂಡು ಕೂತರೆ ಅಪ್ಪ ಹೊರಗೆ ಜಗುಲಿಯ ಮೇಲೆ ಬೀಡಿ ಹಚ್ಚಿ, "ನನ್ ಮಗ್ಳು ಮನಸ್ಸು ಓದ್ತಾಳೆ ಕಣ್ರೀ," ಶುರು ಮಾಡುತ್ತಿದ್ದ.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ? ಆ ಊರುಗಳಲ್ಲಿ ಮೊದಲ ಚೀಟಿ ಕೈಗೆ ಕೊಟ್ಟ ಕೂಡಲೇ ಜನ ಕೇಳುತ್ತಿದ್ದದ್ದು, "ಯಾರ ಮಾತಮ್ಮ ಇದು?" ಅಂತಲೇ. "ಗೊತ್ತಿಲ್ಲ, ದೂರದವರದು," ಅನ್ನುತ್ತಿದ್ದೆ. ಆಡಿದವರ ಮುಖ ಕಾಣದ ಮಾತನ್ನು ಅವರು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಎದ್ದು ನಿಂತು ಗೌರವ ಕೊಡಬೇಕಾದವರು ಅಲ್ಲಿ ಯಾರೂ ಇಲ್ಲ, ದೂರ ಸರಿಸಬೇಕಾದವರೂ ಇಲ್ಲ. ಇರುವುದು ಮಾತು, ತಾನು, ಎರಡೇ. ಬಲಕ್ಕೆ ಇಟ್ಟು, ತೆಗೆದು, ನಡುವಿಗೆ ತಂದು, ನಿಟ್ಟುಸಿರು ಬಿಟ್ಟು, ಮತ್ತೆ ಬಲಕ್ಕೆ. ಒಬ್ಬ ಹೆಣ್ಣುಮಗಳು ಒಂದು ಚೀಟಿಯನ್ನು ಎಡತುದಿಗೆ ಇಟ್ಟು, ಗಂಡ ಬಂದನೇನೋ ಅಂತ ಬಾಗಿಲ ಕಡೆ ನೋಡಿದಳು. ತೆಗೆಯಲಿಲ್ಲ. ಮನುಷ್ಯ ತನ್ನ ಮನಸ್ಸನ್ನು ತಾನೇ ಮೊದಲ ಸಲ ನೋಡುವುದನ್ನು ಎದುರು ಕೂತು ನೋಡಿದ್ದೇನೆ. ದೇವಸ್ಥಾನದಲ್ಲಿ ತೆರೆ ಸರಿಸಿದಾಗಲೂ ನನ್ನ ಮೈ ಅಷ್ಟು ಜುಮ್ಮೆಂದದ್ದು ಕಡಿಮೆ.

ಅಲ್ಲೊಬ್ಬ ದೊಡ್ಡ ತೋಟದ ಯಜಮಾನರಿದ್ದರು. ಬಾಯಿ ಬಿರುಸು. ಆಳುಗಳು ಅವರ ಕೆಮ್ಮು ಕೇಳಿದರೇ ಕೆಲಸ ಜೋರು ಮಾಡುತ್ತಿದ್ದರು. "ಇದೆಲ್ಲ ಮಕ್ಕಳಾಟ," ಅಂತಲೇ ಕೂತರು. ಒಂದು ಚೀಟಿ ಸಿಕ್ಕಿದ ಮೇಲೆ ಅದನ್ನು ಎಡಗೈಯಲ್ಲಿ ಹಾಗೇ ಹಿಡಿದುಕೊಂಡು ಮಿಕ್ಕವನ್ನೆಲ್ಲ ಜೋಡಿಸಿದರು. ಕೊನೆಗೆ ಬಲತುದಿಯಲ್ಲಿ ಒಂದೇ ಮನೆ ಖಾಲಿ ಉಳಿಯಿತು. ಅಲ್ಲಿ ಅದನ್ನಿಟ್ಟರು. ಮೂಲೆಯಲ್ಲಿ ಬಿಂದಿಗೆಯ ಗುರುತು. ಅತ್ತೆಯ ಮಾತು.

"ಗಂಡ್ಸು ಹೇಳಿದ್ದಾ, ಹೆಂಗ್ಸಾ?"

"ಹೇಳೋ ಹಂಗಿಲ್ಲ ಯಜಮಾನ್ರೇ."

"ದತ್ತು ಹೋದೋನು ಯಾರೋ ಹೇಳವ್ನೆ ಬುಡು. ನಾನೂ ದತ್ತು ಬಂದೋನೇ. ಹುಟ್ಟಿದ ಮನೆ ತೋಟಕ್ಕೆ ನೀರು ಹೊತ್ತಿದ್ದು ನಾನು. ಅದೀಗ ಯಾರ್ ಹೆಸ್ರಲ್ಲಿ ಐತೋ," ಅಂದವರೇ ಎದ್ದು ಹಿತ್ತಲಿಗೆ ಹೋದರು. ಒಳಗಿಂದ ನಮಗೆ ಎಳನೀರು ಬಂತು, ಅವರು ಬರಲಿಲ್ಲ.

ಅಟ್ಟದ ಮೇಲೆ ಕಾಯಿಯ ಮುಂದೆ ಆಡಿದ ಮಾತು ಎಲ್ಲಿ, ಈ ಮೀಸೆಯ ಯಜಮಾನರೆಲ್ಲಿ! ದಾರಿಯುದ್ದಕ್ಕೂ ಆ ಬಿಂದಿಗೆಯ ಚೀಟಿಯನ್ನೇ ಕೈಯಲ್ಲಿ ತಿರುಗಿಸುತ್ತ ನಡೆದೆ. "ಯಾಕವ್ವಾ, ಸರ್ಯಾಗಿ ಓದಾಕಾಗ್ನಿಲ್ವಾ?" ಅಂತ ಅಪ್ಪ ಕೇಳಿದ.

ಮತ್ತೆ ಮೈಸೂರು, ಮತ್ತೆ ಯಂತ್ರದ ಹಿಡಿ. ಈ ಸಲ ಅಂಕಿಗಳು ಒಂದೊಂದೂ ಒಂದೊಂದು ದಾರಿ ಹಿಡಿದವು. ಅವನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಾಗಿ ಇಳಿಸುವುದು ಮುಂದಿನ ಕೆಲಸ. ಒಬ್ಬ ಮನುಷ್ಯನಿಗೆ ಒಂದು ಚುಕ್ಕಿ. ಮೇಷ್ಟ್ರು ಪಕ್ಕದಲ್ಲಿ ನಿಂತು, "ಅಡ್ಡಗೆರೆ ಉದ್ದಗೆರೆಗಳನ್ನ ಸ್ವಲ್ಪ ತಿರುಗಿಸಿ ನೋಡು. ಎಲ್ಲಿಂದ ನೋಡಿದ್ರೆ ಚೆನ್ನಾಗಿ ಕಾಣುತ್ತೆ ನೋಡು," ಅಂದರು. ತಿರುಗಿಸಿದೆ. ಆಕಾಶದಲ್ಲಿ ನಕ್ಷತ್ರ ಗುಂಪುಗುಂಪಾಗಿ ಕಾಣುವ ಹಾಗೆ ಚುಕ್ಕಿಗಳು ಮೂರು ಗುಂಪಾಗಿ ಕೂತಿದ್ದವು!

ಒಂದು ಗುಂಪಿನವರಿಗೆ ತೋಟ ಅಂದರೆ ಧೈರ್ಯ, ನಾಲ್ಕು ಜನರ ಮುಂದೆ ಮಾತಿಗೆ ಬರುವ ಬಲ. ಇನ್ನೊಂದು ಗುಂಪಿಗೆ ತೋಟ ಅಂದರೆ ಕಟ್ಟಿಹಾಕಿದ ಹಗ್ಗ, ಬಿಟ್ಟು ಹೋಗಲಾರದ ಗೂಟ. ಮೂರನೆಯದಕ್ಕೆ ತೋಟ ಅಂದರೆ ಯಾರದೋ ಬೆವರು, ಯಾರದೋ ಹೆಸರು. ಆ ಮೂರನೇ ಗುಂಪಿನಲ್ಲಿ ಕೆಂಕೆರೆ ಕಡೆಯ ಆ ಯಜಮಾನರ ಚುಕ್ಕಿಗೆ ಒತ್ತಿಕೊಂಡೇ ಅಲ್ಲಿನ ಒಬ್ಬ ಕಾಯಿ ಸುಲಿಯುವವನ ಚುಕ್ಕಿ, ಅದರ ಪಕ್ಕ ಹೊಸದಾಗಿ ಮದುವೆಯಾಗಿ ಬಂದ ಒಬ್ಬ ಸೊಸೆಯದು. ಒಂದೇ ಸಾಲಿನಲ್ಲಿ ಕೂತು ಉಂಡವರಲ್ಲ, ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಿದವರಲ್ಲ. ಹಾಳೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಯಾರಿಗೂ ಗೊತ್ತಿಲ್ಲದ ನೆಂಟಸ್ತಿಕೆ ಅದು, ನನ್ನೊಬ್ಬಳಿಗೆ ಮಾತ್ರ ಕಂಡದ್ದು. ಎರಡು ಹೆಜ್ಜೆ ಹಿಂದೆ ಸರಿದು ಹಾಳೆಯನ್ನು ಇಡಿಯಾಗಿ ನೋಡಿದೆ.

ಪ್ರಬಂಧ ಬರೆದು ಮುಗಿಸುವ ಮೊದಲು ಒಂದು ಸಲ ಊರಿಗೆ ಬಂದಿದ್ದೆ. ಮಧ್ಯಾಹ್ನ ಹಿತ್ತಲಿನ ನೆರಳಲ್ಲಿ ಅತ್ತೆ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಯಾರೂ ತಮ್ಮೂರಿನ ಮಾತನ್ನು ಜೋಡಿಸುವ ಹಾಗಿಲ್ಲ ಅನ್ನುವ ನನ್ನದೇ ನಿಯಮ ಗೊತ್ತಿದ್ದೂ ಚೀಟಿಗಳನ್ನು ಅವಳ ಮುಂದೆ ಹಾಕಿದೆ.

"ನನ್ನೇನ್ ಕೇಳ್ತೀಯೇ? ನಂದೇನೈತೆ ಇದ್ರಾಗೆ?"

"ಇಡತ್ತೆ, ಸುಮ್ನೆ."

ಒಂದೊಂದನ್ನೂ ಓದಿದೆ. ಪಟೇಲರ ಮಾತು ಬಂತು. ಅತ್ತೆ ಅದನ್ನು ತೆಗೆದು ಎಡತುದಿಗೆ ಇಟ್ಟಳು.

"ಅತ್ತೆ, ಅದು ಯಾರ ಮಾತು ಗೊತ್ತಾ?"

"ಗೊತ್ತಿಲ್ದೆ ಏನು? ಪಟೇಲಪ್ಪ ಎದುರ್ಗೆ ಬಂದ್ರೆ ಎದ್ದು ನಿಂತ್ಕತೀನಿ. ಅವನ್ ಮಾತ್ಗೂ ಎದ್ದು ನಿಂತ್ಕಳಕ್ಕೆ ಅದೇನ್ ನಮ್ ಮಾವ್ನಾ?"

ನಗುತ್ತ ಮುಂದಿನದನ್ನು ಓದಿದೆ. ಬಿಂದಿಗೆಯ ಚೀಟಿ. ಅದು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಮೊದಲೇ ಗೊತ್ತಿತ್ತು. ಬಲತುದಿಯ ಮನೆಯ ಮೇಲೆ ಆಗಲೇ ಕಣ್ಣಿಟ್ಟಿದ್ದೆ. ಅತ್ತೆ ಅದನ್ನು ನಡುವಿಗೆ ಇಟ್ಟಳು. ಹಾಗೂ ಇಲ್ಲ, ಹೀಗೂ ಇಲ್ಲ ಅನ್ನುವ ಕಡೆಗೆ.

"ಇದು ನೀನೇ ಅಂದಿದ್ದಲ್ಲವಾ ಅತ್ತೆ, ಅಟ್ಟದ ಮೇಲೆ?"

"ಅಂದಿದ್ದೆ ಕಣೇ. ದಿಟಾನೂ ಹೌದು. ದಿಟ ಅಂತ ಅದ್ನೂ ತಲೆ ಮ್ಯಾಲೆ ಹೊತ್ಕಂಡ್ ತಿರುಗ್ಲಾ? ನೀರು ಹೊತ್ತಿದ್ದು ಸಾಲ್ದಾ?"

ಬಲತುದಿಗೆ ಅವಳು ಇಟ್ಟದ್ದು ಗರಿಯ ಗುರುತಿನ ಚೀಟಿ. ತುರುವೇಕೆರೆ ಬಸ್ ಸ್ಟ್ಯಾಂಡಿನ ಮಾತು. ಗರಿ ಸದ್ದು ಕೇಳುತ್ತ ಮಲಗುವ ಸುಖ. ಅದನ್ನು ಓದಿದಾಗ ಇನ್ನೊಂದು ಸಲ ಓದು ಅಂದಳು. ಇನ್ನೊಂದು ಸಲ ಓದಿದೆ. "ಯಾರೋ ಪುಣ್ಯಾತ್ಮರು," ಅಂದಳು, ಅಷ್ಟೇ. ಸೀಳಿದ ಗರಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

ನಾನು ಹುಟ್ಟಿದಾಗಿನಿಂದ ನೋಡಿದ ಅತ್ತೆ. ಅವಳ ಪಕ್ಕದಲ್ಲೇ ಮಲಗಿ ಬೆಳೆದವಳು ನಾನು. ಆ ಮರಗಳ ಕೆಳಗೆ ಅವಳು ಸುಖವಾಗಿದ್ದಾಳೆ ಅನ್ನುವುದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ.

ಅವಳ ಚುಕ್ಕಿಯನ್ನೂ ಹಾಳೆಗೆ ಇಳಿಸಿದೆ. ಮೂರು ಗುಂಪಿನಲ್ಲಿ ಯಾವುದಕ್ಕೂ ಸೇರಲಿಲ್ಲ. ಹಾಳೆಯ ಇನ್ನೊಂದು ಮೂಲೆಯಲ್ಲಿ, ಸುತ್ತ ಖಾಲಿ ಜಾಗ ಇಟ್ಟುಕೊಂಡು, ಒಂಟಿಯಾಗಿ ಕೂತಿತು. ಮೇಷ್ಟ್ರು ತುಂಬಾ ಹೊತ್ತು ನೋಡಿದರು. "ಇದನ್ನ ಬೇರೆಯಾಗಿ ಗುರುತು ಮಾಡಿ ಸೇರಿಸಬಹುದು. ಆದರೆ ಪರೀಕ್ಷೆ ಮಾಡೋರು ಕೇಳ್ತಾರೆ. ಉತ್ತರ ಇದೆಯಾ?"

"ಇಲ್ಲ ಸಾರ್."

"ಆದ್ರೂ ಸೇರಿಸ್ತೀಯಾ?"

"ಹೂಂ ಸಾರ್."

ಅವರು ಬೇಡ ಅನ್ನಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಗಣಿತದಲ್ಲಿ ಗಟ್ಟಿ ಹೆಸರಿದ್ದ ಹಿರಿಯರು. ಕಲೆಯಿಲ್ಲದ ಬಿಳಿ ಅಂಗಿ, ನಗದ ಮುಖ. ಊರಲ್ಲಿ ಮೊದಲು ಮಾಡಿದ ತಪ್ಪನ್ನೂ ಮಾತುಗಳನ್ನು ಬೇರೂರಿಗೆ ಒಯ್ದದ್ದನ್ನೂ ಮುಚ್ಚಿಡದೆ ಹೇಳಿದೆ. ಮೂರು ಗುಂಪುಗಳ ಬಗ್ಗೆ ಕೇಳಿದರು, ಹೇಳಿದೆ. ತಲೆಯಾಡಿಸಿದರು. ಆಗ ಅವರ ಪೆನ್ನಿನ ತುದಿ ಆ ಮೂಲೆಗೆ ಹೋಗಿ ನಿಂತಿತು.

"ಇದೇನು? ಯಾವುದಕ್ಕೂ ಸೇರಿಲ್ಲ. ಹೊಂದದ ಒಂದು ಅಂಕಿ ಎಲ್ಲಾ ಲೆಕ್ಕದಲ್ಲೂ ಬರುತ್ತೆ. ಇದು ತಪ್ಪು ಅಂತ ಬಿಟ್ಟುಬಿಡಬೇಕು. ಜೊತೆಗೆ ನಿಮ್ಮ ಊರಿನವರದೇ ಬೇರೆ. ಇದನ್ನ ತೆಗೆದು ತನ್ನಿ, ಸಹಿ ಹಾಕ್ತೀನಿ."

ಸುಲಭದ ಕೆಲಸ. ಒಂದು ಚುಕ್ಕಿ ಅಳಿಸಿದರೆ ಡಿಗ್ರಿ. ಹಾಸ್ಟೆಲಿನ ಪೆಟ್ಟಿಗೆ ಆಗಲೇ ಕಟ್ಟಿತ್ತು. ಅಪ್ಪ ತಿಪಟೂರಿನ ಬಸ್ಸು ಕಾಯುತ್ತ ನಿಂತಿರುವುದು ಕಣ್ಣಿಗೆ ಕಟ್ಟಿತು. ಆಗಲಿ ಸಾರ್ ಅನ್ನಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ.

"ಅದು ತಪ್ಪಲ್ಲ ಸಾರ್. ಅದು ನಮ್ಮತ್ತೆ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ಕೆಟ್ಟೆ ಅಂದುಕೊಂಡೆ.

ಬಂದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚೀಟಿಗಳಿವೆಯಾ?"

ಚೀಲದಿಂದ ತೆಗೆದು ಮೇಜಿನ ಮೇಲೆ ಜೋಡಿಸಿದೆ, ಹಿತ್ತಲಿನಲ್ಲಿ ಅತ್ತೆ ಜೋಡಿಸಿದ ಹಾಗೆಯೇ. ಅವರು ಎಡದಿಂದ ಶುರು ಮಾಡಿ ಒಂದೊಂದನ್ನೂ ಓದಿದರು. ನಡುವಿನ ಬಿಂದಿಗೆಯನ್ನು ತೋರಿಸಿ, ಇದನ್ನು ಆಡಿದವಳೂ ಅವಳೇ ಅಂದೆ; ತಲೆ ಮೇಲೆ ಹೊತ್ತು ತಿರುಗಲಾ ಅಂದದ್ದನ್ನೂ ಹೇಳಿದೆ. ಅವರು ಬಲತುದಿಗೆ ಬಂದರು. ಗರಿಯ ಚೀಟಿಯನ್ನು ಓದಿ ಅಲ್ಲೇ ನಿಂತರು. ಆಮೇಲೆ ಕಾಲು ಹಿಂದಕ್ಕಿಟ್ಟು, ಸ್ವಲ್ಪ ದೂರದಿಂದ, ಇಡೀ ಮೇಜನ್ನು ಒಟ್ಟಿಗೆ ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಗ್ರಾಫ್ ಹಾಳೆಯಿಂದ ಹಿಂದೆ ಸರಿದು ನಿಂತಾಗ ನಾನೂ ಹಾಗೇ ನೋಡಿದ್ದೆ.

"ತೆಗೀಬೇಡಿ," ಅಂದರು. "ಮೂರು ಗುಂಪಿಗೆ ಇಷ್ಟಿಷ್ಟು ಪುಟ ಬರೆದಿದ್ದೀರಿ. ಈ ಒಬ್ಬರಿಗೂ ಒಂದು ಪುಟ ಬರೆದು ಸೇರಿಸಿ." ಅಂದು, ಸಹಿ ಹಾಕಿದರು.

ಆ ಪುಟವನ್ನು ಅವತ್ತೇ ಸಂಜೆ ಬರೆದೆ. ನಾನು ಬರೆದದ್ದರಲ್ಲಿ ಇವತ್ತಿಗೂ ಅದೇ ಒಳ್ಳೆಯದು.

ಊರಿಗೆ ಬಂದಾಗ ಅಪ್ಪ ಜಗುಲಿಯಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದ. ಎದುರು ಮನೆಯವನು ತನ್ನ ಹೆಂಡತಿಯ ವಿಷಯ ಮತ್ತೆ ಎತ್ತಿದ. 'ಎಂ.ಎ.' ಅನ್ನುವ ಎರಡಕ್ಷರವನ್ನು ಅಪ್ಪ ಅವತ್ತು ಎಷ್ಟು ಸಲ ಹೇಳಿದನೋ. ನಾನು ಒಳಗೆ ಹೋಗಿ ಅತ್ತೆಯ ಪಕ್ಕ ಕೂತು ಗ್ರಾಫ್ ಹಾಳೆ ಬಿಚ್ಚಿದೆ. ಇವರು ಕೆಂಕೆರೆ ಕಡೆಯವರು, ಇವಳು ಆ ಊರಿನ ಸೊಸೆ ಅಂತ ಗುಂಪುಗಳನ್ನು ತೋರಿಸಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು.

"ನಾನೆಲ್ಲಿದೀನಿ?"

ಮೂಲೆಯ ಚುಕ್ಕಿಯ ಮೇಲೆ ಬೆರಳಿಟ್ಟೆ.

"ಇಷ್ಟೇ?"

"ಸಾಸಿವೆ ಕಾಳಷ್ಟು ಅತ್ತೆ. ಎಲ್ಲರದೂ ಅಷ್ಟೇ."

ಅತ್ತೆ ತನ್ನ ಚುಕ್ಕಿಯ ಸುತ್ತಲಿನ ಖಾಲಿ ಜಾಗದ ಮೇಲೆ ಅಂಗೈ ಆಡಿಸಿದಳು, ಹಾಸಿದ ಚಾಪೆಯ ಮೇಲಿನ ಧೂಳು ಸರಿಸುವ ಹಾಗೆ.

"ಸಾಕು ಬುಡು. ಸುತ್ತ ಗಾಳಿ ಆಡ್ತದೆ."